ಉಪ್ಪುನೀರಿನ ಒಂದು ಹನಿ ಕಲಿಸಿದ ಜೀವಕೋಶ

ಜೀವಕೋಶದ ಪಾಠ ಶುರುವಾದಾಗ ಮಕ್ಕಳ ಕೈಗೆ ನಾನು ಮೊದಲು ಕೊಡುವುದು ಗಾಜಿನ ಸ್ಲೈಡ್. ಭಾಗಗಳನ್ನು ಗುರುತಿಸಿದ ಬಣ್ಣದ ಚಿತ್ರ ಆಮೇಲೆ ಬರುತ್ತದೆ. ಆ ಚಿತ್ರದಲ್ಲಿ ಎಲ್ಲ ಭಾಗಗಳೂ ಒಂದೇ ಸಮನೆ ಎದ್ದು ಕಾಣುತ್ತವೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣುವುದು ಯಾವುದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿಲ್ಲದೆ ಕಾಣಲಾಗದ್ದು ಯಾವುದು ಎಂಬುದು ಅದರಿಂದ ತಿಳಿಯುವುದಿಲ್ಲ. ಹೆಸರುಗಳೆಲ್ಲ ಬಾಯಿಪಾಠವಾಗುತ್ತವೆ, ಕೋಶ ಮಾತ್ರ ಕಾಗದದ ಮೇಲೆಯೇ ಉಳಿಯುತ್ತದೆ.

ಮೊದಲ ಸ್ಲೈಡ್ ಈರುಳ್ಳಿಯದು. ದಪ್ಪ ಪದರದ ಒಳಬದಿಯಿಂದ ತೆಳು ಸಿಪ್ಪೆಯನ್ನು ಚಿಮಟದಲ್ಲಿ ಎಳೆದು, ಒಣಗಿ ಸುರುಟಿಕೊಳ್ಳುವ ಮೊದಲೇ ನೀರಿನ ಹನಿಗೆ ಬಿಡಬೇಕು. ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ ಆ ಗುಂಡನೆಯ ಗುಳ್ಳೆಯನ್ನೇ ಜೀವಕೋಶವೆಂದು ಚೆಂದವಾಗಿ ಬಿಡಿಸಿ ತರುವ ಮಕ್ಕಳಿದ್ದಾರೆ. ಬಣ್ಣ ಹಾಕದೆ ಒಮ್ಮೆ, ಅಯೋಡಿನ್ ಹಾಕಿ ಇನ್ನೊಮ್ಮೆ ನೋಡಿಸುತ್ತೇನೆ. ಮೊದಲ ಸಲ ಕೋಶಭಿತ್ತಿಯ ಗೆರೆಗಳಷ್ಟೇ ಎದ್ದು ಕಾಣುತ್ತವೆ. ಎರಡನೆಯ ಸಲ ಪ್ರತಿ ಕೋಶದಲ್ಲೂ ಕಂದು ಹಳದಿಯ ಒಂದು ಚುಕ್ಕೆ ಮೂಡುತ್ತದೆ. ಅದೇ ಕೋಶಕೇಂದ್ರ. 1665ರಲ್ಲಿ ರಾಬರ್ಟ್ ಹೂಕ್ ಕಾರ್ಕಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು ಮಾತ್ರ. ಕೋಶಕೇಂದ್ರಕ್ಕೆ ರಾಬರ್ಟ್ ಬ್ರೌನ್ ಹೆಸರಿಟ್ಟದ್ದು 1831ರಲ್ಲಿ. ಈ ಎರಡು ವರ್ಷಗಳ ನಡುವಿನ ಅಂತರವನ್ನು ಹೇಳಿದಾಗ, ತಾವು ಒಂದೇ ತರಗತಿಯಲ್ಲಿ ದಾಟಿ ಬಂದದ್ದು ಎಷ್ಟು ದೂರ ಎಂಬುದು ಮಕ್ಕಳಿಗೆ ಹೊಳೆಯುತ್ತದೆ.

"ಸಸ್ಯಕೋಶ ಎಂದಿರಿ, ಹಸಿರು ಎಲ್ಲಿ ಮೇಡಂ?" ಈ ಪ್ರಶ್ನೆ ಬರಲಿ ಎಂದೇ ನಾನು ಈರುಳ್ಳಿಯಿಂದ ಆರಂಭಿಸುತ್ತೇನೆ. ಬೆಳಕು ತಾಗದ ಭಾಗಕ್ಕೆ ದ್ಯುತಿಸಂಶ್ಲೇಷಣೆಯ ಕೆಲಸವಿಲ್ಲ, ಹಾಗಾಗಿ ಅಲ್ಲಿ ಕ್ಲೋರೋಪ್ಲಾಸ್ಟೂ ಇಲ್ಲ. ಬೇರಿನ ಕೋಶಗಳದೂ ಇದೇ ಕಥೆ. ಅಂದರೆ ಕ್ಲೋರೋಪ್ಲಾಸ್ಟ್ ಇಲ್ಲವೆಂದ ಮಾತ್ರಕ್ಕೆ ಅದು ಪ್ರಾಣಿಕೋಶವಾಗುವುದಿಲ್ಲ. ಇನ್ನೊಂದನ್ನೂ ಗಮನಿಸಲು ಹೇಳುತ್ತೇನೆ: ಬಹುತೇಕ ಕೋಶಗಳಲ್ಲಿ ಕೋಶಕೇಂದ್ರವು ನಡುವೆ ಇರದೆ ಅಂಚಿಗೆ ಒತ್ತಿಕೊಂಡಿರುತ್ತದೆ. ಅದನ್ನು ಅಲ್ಲಿಗೆ ತಳ್ಳಿದ್ದು ಏನು ಎಂಬುದಕ್ಕೆ ಉತ್ತರವನ್ನು ಆಗಲೇ ಕೊಡುವುದಿಲ್ಲ.

ಉತ್ತರ ಹೈಡ್ರಿಲ್ಲದಲ್ಲಿ ಸಿಗುತ್ತದೆ. ಈ ನೀರುಗಿಡದ ಎಲೆ ಎರಡೇ ಕೋಶಗಳಷ್ಟು ದಪ್ಪ, ಕತ್ತರಿಸುವ ಗೋಜಿಲ್ಲ, ಇಡೀ ಎಲೆಯನ್ನೇ ಸ್ಲೈಡಿನ ಮೇಲಿಡಬಹುದು. ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟು ನೋಡಿದರೆ ಹಸಿರು ಕ್ಲೋರೋಪ್ಲಾಸ್ಟ್‌ಗಳು ಸಾಲುಗಟ್ಟಿ ಕೋಶದ ಅಂಚಿನಗುಂಟ ಸುತ್ತುತ್ತಿರುತ್ತವೆ. ನಡುವೆ ಹಾದು ಹೋಗುವುದು ಬಲು ಅಪರೂಪ. ಏಕೆಂದರೆ ನಡುವಿನ ಜಾಗವನ್ನೆಲ್ಲ ರಸ ತುಂಬಿದ ಚೀಲದಂತಹ ದೊಡ್ಡ ರಸದಾನಿ ಆಕ್ರಮಿಸಿಕೊಂಡಿದೆ, ಕೋಶದ್ರವ್ಯಕ್ಕೆ ಉಳಿದಿರುವುದು ಅಂಚಿನ ತೆಳು ಪದರ ಮಾತ್ರ. ಬೆಳೆದ ಸಸ್ಯಕೋಶದ ಬಹುಪಾಲು ಗಾತ್ರ ಈ ರಸದಾನಿಯದೇ. ಪಾಠಗಳಲ್ಲಿ ಅದಕ್ಕೆ 'ನೀರು ಮತ್ತು ತ್ಯಾಜ್ಯ ಸಂಗ್ರಹಿಸುತ್ತದೆ' ಎಂಬ ಒಂದೇ ಸಾಲು ಸಿಗುವುದು ನನಗೆ ಅನ್ಯಾಯವೆನಿಸುತ್ತದೆ. ಎಳೆಯ ಕಾಂಡ ನೆಟ್ಟಗೆ ನಿಲ್ಲುವುದು, ನೀರಿಲ್ಲದ ಗಿಡ ಬಾಡುವುದು, ಎರಡೂ ಅದರ ಒತ್ತಡದ ಆಟ.

ಇನ್ನು ಕೋಶಪೊರೆ. ಸುಮಾರು 7ರಿಂದ 8 ನ್ಯಾನೊಮೀಟರ್ ದಪ್ಪದ ಪೊರೆಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುವುದು ಸಾಧ್ಯವಿಲ್ಲ. ಸಸ್ಯಕೋಶದಲ್ಲಿ ಅದು ಭಿತ್ತಿಗೆ ಅಂಟಿಕೊಂಡಿರುವುದರಿಂದ ಎರಡೂ ಒಂದೇ ಎಂದು ಮಕ್ಕಳು ಭಾವಿಸುವುದು ಸಹಜ. ಎರಡೂ ಬೇರೆ ಎಂಬುದಕ್ಕೆ ರಿಯೋ ಎಂಬ ಅಲಂಕಾರಿಕ ಗಿಡದ ಎಲೆಗಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ಎಲೆಯ ಕೆಳಬದಿಯ ನೇರಳೆ ಸಿಪ್ಪೆಯನ್ನು ನೀರಿನಲ್ಲಿಟ್ಟು ಫೋಕಸ್ ಮಾಡಿದ ಮೇಲೆ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಗಟ್ಟಿ ಉಪ್ಪುನೀರಿನ ಹನಿ ಇಟ್ಟು, ಎದುರಿನ ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಹೀರುತ್ತೇನೆ. ಕೋಶದ ತುಂಬ ಹರಡಿದ್ದ ನೇರಳೆ ಬಣ್ಣ ಮೊದಲು ಮೂಲೆಗಳಲ್ಲಿ ಭಿತ್ತಿಯಿಂದ ಬಿಟ್ಟುಕೊಳ್ಳುತ್ತದೆ. ನೋಡುತ್ತಿದ್ದಂತೆಯೇ ಕುಗ್ಗಿ, ಕುಗ್ಗಿದಷ್ಟೂ ಬಣ್ಣ ಗಾಢವಾಗಿ, ದುಂಡಗಿನ ಮುದ್ದೆಯಾಗುತ್ತದೆ. ಭಿತ್ತಿಯ ಚೌಕಟ್ಟು ಇದ್ದಲ್ಲೇ ಇರುತ್ತದೆ. ಮುದ್ದೆಯ ಹೊರ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿದೆ ಕೋಶಪೊರೆ.

ಆಗ ಕೇಳುತ್ತೇನೆ: ಭಿತ್ತಿಗೂ ಪೊರೆಗೂ ನಡುವೆ ತೆರೆದುಕೊಂಡ ಆ ಜಾಗದಲ್ಲಿ ಏನಿದೆ? 'ಗಾಳಿ' ಎನ್ನುವವರು ಕೆಲವರು, 'ಏನೂ ಇಲ್ಲ' ಎನ್ನುವವರು ಹಲವರು. ಅಲ್ಲಿರುವುದು ಹೊರಗಿನ ಉಪ್ಪುನೀರು. ಸೆಲ್ಯುಲೋಸಿನ ಭಿತ್ತಿ ಆಕಾರ ಕೊಡುತ್ತದೆ, ಒತ್ತಡ ತಾಳಿಕೊಳ್ಳುತ್ತದೆ, ಆದರೆ ನೀರನ್ನಾಗಲಿ ಉಪ್ಪನ್ನಾಗಲಿ ತಡೆಯುವುದಿಲ್ಲ. ತಡೆಯುವುದು, ಆಯ್ದು ಬಿಡುವುದು ಪೊರೆ. ಒಳಗಿನ ನೀರು ಹೊರಗೆ ಹೋಯಿತು, ಹೊರಗಿನ ಉಪ್ಪು ಪೊರೆಯನ್ನು ಅಷ್ಟು ಸುಲಭವಾಗಿ ದಾಟಲಿಲ್ಲ, ಬಣ್ಣವೂ ಸೋರಲಿಲ್ಲ. ತಡಮಾಡದೆ ಮತ್ತೆ ಶುದ್ಧ ನೀರು ಹಾಯಿಸಿದರೆ ಕೋಶ ಮೊದಲಿನಂತೆ ತುಂಬಿಕೊಳ್ಳುತ್ತದೆ. ಪೊರೆಯ ಮೂಲಕ ನೀರು ಹೀಗೆ ಹಾಯುವ ಅಭಿಸರಣೆಯ ವ್ಯಾಖ್ಯೆಯನ್ನು ಇದಾದ ಮೇಲೆಯೇ ಬರೆಸುತ್ತೇನೆ.

ಪ್ರಾಣಿಕೋಶಕ್ಕೆ ಕೆನ್ನೆಯ ಒಳಬದಿಯೇ ಸಾಕು. ಅವರವರ ಕೆನ್ನೆಯನ್ನು ಅವರವರೇ ಹೊಸ ಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಸವರಿಕೊಳ್ಳಬೇಕು, ಬಳಸಿದ ಕಡ್ಡಿ ನೇರ ಸೋಂಕುನಾಶಕ ದ್ರಾವಣಕ್ಕೆ ಹೋಗಬೇಕು. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಮಿಥಿಲೀನ್ ಬ್ಲೂ ಹಾಕಿದರೆ ಮಡಚಿದ ಅಂಚಿನ, ಒಂದರಂತೆ ಒಂದಿಲ್ಲದ ಕೋಶಗಳು, ನಡುವೆ ಕಡುನೀಲಿ ಕೋಶಕೇಂದ್ರ. ಭಿತ್ತಿ ಇಲ್ಲ ಎಂಬುದನ್ನು ನಾನು ಹೇಳಬೇಕಾಗಿಯೇ ಇಲ್ಲ, ಈರುಳ್ಳಿಯ ಇಟ್ಟಿಗೆ ಸಾಲನ್ನು ನೋಡಿದ ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಭಿತ್ತಿ ಇಲ್ಲದ್ದರ ಪರಿಣಾಮವೂ ಇದೆ: ಶುದ್ಧ ನೀರಿನಲ್ಲಿ ಸಸ್ಯಕೋಶ ಬಿಗಿಯಾಗಿ ನಿಲ್ಲುತ್ತದೆ, ಕೆಂಪು ರಕ್ತಕಣ ಉಬ್ಬಿ ಒಡೆಯುತ್ತದೆ. ರಕ್ತನಾಳಕ್ಕೆ ಏರಿಸುವ ಸಲೈನ್ ಸಾಮಾನ್ಯವಾಗಿ 0.9 ಶೇಕಡಾ ಉಪ್ಪಿನದಾಗಿರುವುದಕ್ಕೆ ಕಾರಣ ಇದೇ.

ಕಾಣದ ಭಾಗಗಳನ್ನು ಕಲಿಸುವ ಬಗೆ ಬೇರೆ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರ್, ಅಂದರೆ 0.2 ಮೈಕ್ರೊಮೀಟರ್‌ಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು, ಪ್ರೋಟೀನ್ ಹೆಣೆಯುವ ರೈಬೋಸೋಮ್ ಇರುವುದೋ 20ರಿಂದ 30 ನ್ಯಾನೊಮೀಟರ್. ಕೋಶವನ್ನು ಕಾರ್ಖಾನೆಗೆ ಹೋಲಿಸಿ ಒಂದೊಂದು ಭಾಗಕ್ಕೂ ಒಂದೊಂದು ಹುದ್ದೆ ಹಂಚುವ ಪದ್ಧತಿ ನನಗೆ ಒಗ್ಗುವುದಿಲ್ಲ, ಮಕ್ಕಳಿಗೆ ಹುದ್ದೆ ನೆನಪಿರುತ್ತದೆ, ಕೆಲಸ ಮರೆತುಹೋಗುತ್ತದೆ. ಅದರ ಬದಲು ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಹಾದಿ ಹಿಡಿಯುತ್ತೇನೆ. ಅದನ್ನು ತಯಾರಿಸುವ ಸೂಚನೆ ಕೋಶಕೇಂದ್ರದ ಡಿಎನ್‌ಎಯಲ್ಲಿದೆ. ಅದರ ಪ್ರತಿ ಆರ್‌ಎನ್‌ಎ ರೂಪದಲ್ಲಿ ಕೋಶಕೇಂದ್ರದ ರಂಧ್ರಗಳಿಂದ ಹೊರಬರುತ್ತದೆ. ಪೊರೆಗಳ ಜಾಲವಾದ ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಅಂಟಿದ ರೈಬೋಸೋಮ್‌ಗಳು ಅದನ್ನು ಓದಿ ಪ್ರೋಟೀನ್ ಹೆಣೆಯುತ್ತವೆ. ಆ ಪ್ರೋಟೀನ್ ಗಾಲ್ಗಿ ಸಂಕೀರ್ಣದಲ್ಲಿ ತಿದ್ದುಪಡಿಗೊಂಡು, ಸಣ್ಣ ಚೀಲಗಳಲ್ಲಿ ತುಂಬಿ, ಕೋಶಪೊರೆಯಿಂದ ಹೊರಬೀಳುತ್ತದೆ. ಇಷ್ಟಕ್ಕೂ ಬೇಕಾದ, ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನ ಬಹುಭಾಗ ಮೈಟೊಕಾಂಡ್ರಿಯದಿಂದ. ಹೀಗೆ ಸಾಗಿದರೆ ಪ್ರತಿ ಹೆಸರೂ ಅಗತ್ಯ ಬಿದ್ದಾಗಲೇ ಬರುತ್ತದೆ.

ಪ್ರಾಣಿಗಳಿಗೆ ಮೈಟೊಕಾಂಡ್ರಿಯ, ಸಸ್ಯಗಳಿಗೆ ಕ್ಲೋರೋಪ್ಲಾಸ್ಟ್ ಎಂಬ ತಿಳಿವಳಿಕೆ ಎಷ್ಟು ಬೇರೂರಿದೆಯೆಂದರೆ, ಅದನ್ನು ಕೀಳಲು ಪ್ರತ್ಯೇಕ ತರಗತಿಯೇ ಬೇಕಾಗುತ್ತದೆ. ಮಣ್ಣಿನ ಕತ್ತಲೆಯ ಬೇರಿಗೆ ಶಕ್ತಿ ಎಲ್ಲಿಂದ, ರಾತ್ರಿಯ ಎಲೆಗೆ ಎಲ್ಲಿಂದ ಎಂದು ಕೇಳಿದರೆ ಸಾಕು, ಅವರೇ ದಾರಿ ಕಂಡುಕೊಳ್ಳುತ್ತಾರೆ. ಕ್ಲೋರೋಪ್ಲಾಸ್ಟ್ ಸಕ್ಕರೆ ತಯಾರಿಸುತ್ತದೆ, ಆ ಸಕ್ಕರೆಯಿಂದ ಬಳಸಬಹುದಾದ ಶಕ್ತಿ ತೆಗೆಯಲು ಸಸ್ಯಕ್ಕೂ ಮೈಟೊಕಾಂಡ್ರಿಯ ಬೇಕು. ಲೈಸೋಸೋಮ್, ಪ್ರಾಣಿಕೋಶದ ವಿಭಜನೆಯಲ್ಲಿ ಪಾಲ್ಗೊಳ್ಳುವ ಸೆಂಟ್ರಿಯೋಲ್‌ಗಳ ಬಳಿ ಹೆಚ್ಚು ನಿಲ್ಲುವುದಿಲ್ಲ: ಲೈಸೋಸೋಮ್ ಮಾಡುವ ಜೀರ್ಣಕ್ರಿಯೆಯನ್ನು ಸಸ್ಯದಲ್ಲಿ ಬಹುಮಟ್ಟಿಗೆ ರಸದಾನಿ ನಿಭಾಯಿಸುತ್ತದೆ, ಹೂಬಿಡುವ ಸಸ್ಯಗಳ ಕೋಶಗಳು ಸೆಂಟ್ರಿಯೋಲ್ ಇಲ್ಲದೆಯೇ ವಿಭಜನೆಗೊಳ್ಳುತ್ತವೆ.

ಪರೀಕ್ಷೆಯಲ್ಲಿ ಭಾಗ ಗುರುತಿಸುವ ಪ್ರಶ್ನೆಯ ಜೊತೆಗೆ ಇನ್ನೊಂದನ್ನು ಸೇರಿಸುತ್ತೇನೆ. ಕೋಶಕೇಂದ್ರವೂ ಇಲ್ಲದ, ಮೈಟೊಕಾಂಡ್ರಿಯವೂ ಇಲ್ಲದ ಮನುಷ್ಯನ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದು ಹಾಳಾದ ಪ್ರೋಟೀನನ್ನು ಹೊಸದಾಗಿ ಮಾಡಿಕೊಳ್ಳಬಲ್ಲದೇ? ಇಲ್ಲವಾದರೆ ಏಕೆ? ಅಮೈಲೇಸಿನ ಹಾದಿಯನ್ನು ಅರ್ಥಮಾಡಿಕೊಂಡವರು ಇದಕ್ಕೆ ಎರಡೇ ಸಾಲಿನಲ್ಲಿ ಉತ್ತರ ಬರೆಯುತ್ತಾರೆ.