ನಿಧಾನವಾಗಿ ಓಡುವುದನ್ನು ನಾನು ಕಲಿತದ್ದು

ಮೊದಲ ಮ್ಯಾರಥಾನಿನಲ್ಲಿ ನಾನು ಸೋತು ನಿಂತದ್ದು 32ನೇ ಕಿಲೋಮೀಟರಿನಲ್ಲಿ. ತೊಡೆ ಕಲ್ಲಾಗಿತ್ತು, ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ಉಳಿದ ದಾರಿಯನ್ನು ಬಹುಪಾಲು ನಡೆದೇ ಮುಗಿಸಿದೆ. ಆರು ತಿಂಗಳು ಅಭ್ಯಾಸ ತಪ್ಪಿಸದೆ ಓಡಿದವನಿಗೆ ಹೀಗೇಕಾಯಿತು ಎಂಬುದೇ ಹೊಳೆಯಲಿಲ್ಲ.

ಮನೆಗೆ ಬಂದು ಓಟದ ಡೈರಿ ತೆಗೆದು ನೋಡಿದೆ. ಯಾವ ಪುಟ ತಿರುವಿದರೂ ಒಂದೇ ವೇಗ: ಕಿಲೋಮೀಟರಿಗೆ ಐದೂವರೆ ನಿಮಿಷದ ಆಸುಪಾಸು. ದೇಹ ಸುಧಾರಿಸಿಕೊಳ್ಳುವಷ್ಟು ಹಗುರವೂ ಅಲ್ಲ, ವೇಗ ಹೆಚ್ಚಿಸುವಷ್ಟು ಬಿರುಸೂ ಅಲ್ಲ.

ಆಗ ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಅವರ ವಾರದ ಅಭ್ಯಾಸದ ಲೆಕ್ಕ ಓದಿದೆ. 2022ರಲ್ಲಿ ಬರ್ಲಿನ್‌ನಲ್ಲಿ 2:01:09ರಲ್ಲಿ ಮ್ಯಾರಥಾನ್ ಮುಗಿಸಿದವರು ಅವರು. ಅಂದರೆ ಕಿಲೋಮೀಟರಿಗೆ ಸುಮಾರು 2 ನಿಮಿಷ 52 ಸೆಕೆಂಡು. ಕೀನ್ಯಾದ ಕಪ್ತಗತ್ ಶಿಬಿರದಲ್ಲಿ ಕೋಚ್ ಪ್ಯಾಟ್ರಿಕ್ ಸಾಂಗ್ ಅವರ ಕೈಕೆಳಗೆ ಮಂಗಳವಾರ ಟ್ರ್ಯಾಕ್, ಗುರುವಾರ ದೂರದ ಓಟ, ಶನಿವಾರ ಫಾರ್ಟ್‌ಲೆಕ್, ಅಂದರೆ ನಡುನಡುವೆ ವೇಗ ಏರಿಸಿ ಇಳಿಸುವ ಓಟ. ಮಿಕ್ಕ ಓಟಗಳೆಲ್ಲ ಹಗುರ, ಆರಂಭವಂತೂ ಜಾಗಿಂಗ್‌ನಷ್ಟೇ ನಿಧಾನ. ಅಂಥವರೇ ಹಾಗೆ ಓಡುವಾಗ ನನಗೇನು ಅವಸರವಿತ್ತು?

ಹಗುರ ಓಟದಲ್ಲಿ ಸ್ನಾಯುಗಳ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ದೇಹ ಕೊಬ್ಬನ್ನು ಉರಿಸಲು ಪಳಗುತ್ತದೆ. ಅದು ಪಳಗದಿದ್ದರೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, 30 ಕಿಲೋಮೀಟರ್ ದಾಟುವ ಹೊತ್ತಿಗೆ ತಳ ಕಾಣುತ್ತದೆ. ನನಗೆ ಆದದ್ದೂ ಅದೇ.

ವಾರಕ್ಕೆ ಐದು ಓಟಗಳಲ್ಲಿ ನಾಲ್ಕನ್ನು ಏಳು ನಿಮಿಷದ ವೇಗಕ್ಕೆ ಇಳಿಸಿದೆ. ಓಡುತ್ತಲೇ ಒಂದು ಇಡೀ ವಾಕ್ಯ ಹೇಳಲು ಬರಬೇಕು, ಅಷ್ಟೇ ನಿಯಮ. ಕಾಲಿಗೆ ಅದು ಸುಲಭ; ಮನಸ್ಸಿಗೆ ಹಿಂಸೆ. ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿ ಯಾರೋ ದಾಟಿ ಹೋದರೆ ಗೊತ್ತಿಲ್ಲದೆಯೇ ನನ್ನ ಹೆಜ್ಜೆಯೂ ಚುರುಕಾಗುತ್ತಿತ್ತು. ಅವರನ್ನು ಹೋಗಲು ಬಿಡುವುದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಮನೋಬಲವೆಂದರೆ ಹಲ್ಲು ಕಚ್ಚಿ ನೋವು ತಡೆಯುವುದು ಎಂದುಕೊಂಡಿದ್ದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದ ಎಮಿಲ್ ಜಾಟೊಪೆಕ್ 400 ಮೀಟರನ್ನು ಮತ್ತೆ ಮತ್ತೆ ಹತ್ತಾರು ಸಲ ಓಡುತ್ತಿದ್ದರು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಅದನ್ನು ಅನುಕರಿಸಲು ಹೋಗಿ ಮೂರೇ ವಾರದಲ್ಲಿ ಮೊಣಕಾಲ ಕೆಳಗಿನ ಮೂಳೆ ನೋಯಿಸಿಕೊಂಡೆ.

ಬಿರುಸಿನ ದಿನಕ್ಕೆ ಬೇರೆ ಪಾಠ. ಸಾವಿರ ಮೀಟರಿನ ಆರು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ನಾಲ್ಕನೆಯ ಸುತ್ತಿಗೆ ಮುಷ್ಟಿ ತಾನಾಗಿ ಬಿಗಿಯುತ್ತದೆ. ಓಟ ಮುಗಿದಾಗ ಅಂಗೈಯಲ್ಲಿ ಉಗುರಿನ ಗುರುತುಗಳಿರುತ್ತಿದ್ದವು. ಕಷ್ಟದ ಹೊತ್ತಿನಲ್ಲಿ ಕಿಪ್ಚೋಗೆ ನಗುತ್ತಾರೆ. ನನಗೆ ನಗು ಕೂಡಿ ಬರಲಿಲ್ಲ. ಬದಲಿಗೆ ಹೆಬ್ಬೆರಳನ್ನು ತೋರುಬೆರಳ ಮೇಲೆ, ನಡುವೆ ಒಣ ಎಲೆ ಇದೆಯೇನೋ ಎಂಬಂತೆ, ಮೆಲ್ಲಗೆ ಇಟ್ಟುಕೊಳ್ಳುತ್ತೇನೆ. ಕೈ ಸಡಿಲವಾದರೆ ಹೆಗಲು ಇಳಿಯುತ್ತದೆ, ಹಿಂದೆಯೇ ಉಸಿರೂ ಹದಕ್ಕೆ ಬರುತ್ತದೆ.

ಎರಡನೆಯ ಮ್ಯಾರಥಾನಿನ 32ನೇ ಕಿಲೋಮೀಟರಿನಲ್ಲಿ ಕಾಲು ನೋಯುತ್ತಿತ್ತು, ಆದರೆ ಓಡುತ್ತಲೇ ಇದ್ದೆ. 4 ಗಂಟೆ 6 ನಿಮಿಷಕ್ಕೆ ಮುಗಿಸಿದೆ. ಈಗ ದೂರದ ಓಟದ ಕೊನೆಯ ಅರ್ಧ ಗಂಟೆಯನ್ನು ರೇಸ್ ವೇಗಕ್ಕೆ ಏರಿಸಿ ನೋಡುತ್ತಿದ್ದೇನೆ. ಮೂರು ವಾರಗಳಲ್ಲಿ ಅದು ಸರಿಯಾಗಿ ಕೂಡಿ ಬಂದದ್ದು ಒಂದೇ ಸಲ.