ಪೈಪಿನ ನೀರು ಹೆಪ್ಪುಗಟ್ಟುವ ಮುನ್ನ: ಏರ್ ಕಂಪ್ರೆಸರ್ ಆರಿಸುವುದು, ಊದುವುದು ಹೇಗೆ?

ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೆ ಬೆಳೆಯುವ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿಗೆ ಹೋಗಲು ಜಾಗವಿರುವುದಿಲ್ಲ. ಒತ್ತಡ ಏರುತ್ತಾ ಹೋಗಿ ಪೈಪ್ ಸೀಳುತ್ತದೆ. ಚಳಿಗಾಲವಿಡೀ ಬೀಗ ಹಾಕುವ, ಒಳಗೆ ಹೀಟರ್ ಉರಿಸದ ಮನೆಯಾದರೆ ಕೊಳಾಯಿಯ ನೀರನ್ನೆಲ್ಲ ಹೊರಹಾಕಲೇಬೇಕು. ತಾನಾಗಿ ಇಳಿಯದ ನೀರನ್ನು ಊದಿ ತೆಗೆಯಲು ಬೇಕಾದ್ದು ಏರ್ ಕಂಪ್ರೆಸರ್, ಅಂದರೆ ಗಾಳಿಯನ್ನು ಅದುಮಿ ಟ್ಯಾಂಕಿನಲ್ಲಿ ತುಂಬಿಡುವ ಯಂತ್ರ.

ಕಂಪ್ರೆಸರ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ಗರಿಷ್ಠ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಳತೆ. ಈ ಕೆಲಸಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಮನೆಯ ಪೈಪಿಗೆ 30ರಿಂದ 50 ಪಿಎಸ್‌ಐ ಸಾಕು. ನೋಡಬೇಕಾದ್ದು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಗಾಳಿ ಬರುತ್ತದೆ ಎಂಬುದು. ಒಂದು ಸಿಎಫ್‌ಎಂ ಎಂದರೆ ಸುಮಾರು 28 ಲೀಟರ್. ಗಾಳಿಯ ಹರಿವು ಕಡಿಮೆಯಾದರೆ ಅಡ್ಡ ಪೈಪಿನಲ್ಲಿ ಗಾಳಿ ನೀರಿನ ಮೇಲೇ ಜಾರಿ ಹೋಗುತ್ತದೆ, ತಗ್ಗಿನ ನೀರು ಅಲ್ಲೇ ಉಳಿಯುತ್ತದೆ. ಟೈರಿಗೆ ಗಾಳಿ ತುಂಬುವ ಪುಟ್ಟ ಯಂತ್ರ ಸೋಲುವುದು ಇಲ್ಲೇ: ಒತ್ತಡವಿದೆ, ಗಾಳಿಯಿಲ್ಲ.

ಡಬ್ಬದ ಮೇಲೆ 90 ಪಿಎಸ್‌ಐನಲ್ಲಿ 2.5 ಸಿಎಫ್‌ಎಂ ಎಂದು ಬರೆದಿರುವ, 20ರಿಂದ 25 ಲೀಟರ್ ಟ್ಯಾಂಕ್ ಇರುವ ಯಂತ್ರ ಸಾಮಾನ್ಯ ಮನೆಗೆ ಸಾಕು. ಅರ್ಧ ಇಂಚಿನ ತಾಮ್ರದ ಪೈಪಿನಲ್ಲಿ ಮೀಟರಿಗೆ ಸುಮಾರು 150 ಮಿ.ಲೀ. ನೀರಷ್ಟೇ ಇರುತ್ತದೆ, ತುಂಬಿದ ಟ್ಯಾಂಕಿನ ಗಾಳಿ ಒಂದೊಂದೇ ನಲ್ಲಿಯನ್ನು ತೆರವು ಮಾಡಬಲ್ಲದು. ತೋಟದ ಸ್ಪ್ರಿಂಕ್ಲರ್ ಲೈನ್ ಊದುವುದಿದ್ದರೆ ಲೆಕ್ಕವೇ ಬೇರೆ, ಅದಕ್ಕೆ 10 ಸಿಎಫ್‌ಎಂ ಮೇಲೆಯೇ ಬೇಕು. ವರ್ಷಕ್ಕೊಮ್ಮೆಯ ಆ ಕೆಲಸಕ್ಕೆ ಬಾಡಿಗೆ ಯಂತ್ರವೇ ಜಾಣತನ. ಕುಡಿಯುವ ನೀರಿನ ಪೈಪಾದ್ದರಿಂದ ಆಯಿಲ್-ಫ್ರೀ ಮಾದರಿಯನ್ನೇ ಆರಿಸಿ. ಹೊರಬರುವ ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್ ಇಲ್ಲದ ಯಂತ್ರವನ್ನು ಮುಟ್ಟಲೇಬೇಡಿ.

ಈಗ ಕೆಲಸ. ಮೊದಲು ವಾಟರ್ ಹೀಟರಿನ ವಿದ್ಯುತ್ ಅಥವಾ ಗ್ಯಾಸ್ ಆಫ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಕಾದರೆ ಹೀಟರಿನ ಕಾಯಿಲ್ ಸುಟ್ಟುಹೋಗುತ್ತದೆ. ಮೇನ್ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಮೇಲಿನ ನಲ್ಲಿ ಮತ್ತು ಎಲ್ಲಕ್ಕಿಂತ ಕೆಳಗಿನ ಡ್ರೈನ್ (ಪೈಪಿನ ನೀರು ಹೊರಬಿಡುವ ವಾಲ್ವ್) ಎರಡನ್ನೂ ತೆರೆದು ನೀರು ತಾನಾಗಿ ಇಳಿಯಲು ಬಿಡಿ. ಇದನ್ನು ಅವಸರದಲ್ಲಿ ಮುಗಿಸಿದವರೇ ಆಮೇಲೆ ಕಂಪ್ರೆಸರ್ ಚಿಕ್ಕದಾಯಿತೆಂದು ದೂರುತ್ತಾರೆ. ಹೀಟರಿನ ನೀರು ತಣಿದ ಮೇಲೆ ಅದನ್ನೂ ಖಾಲಿ ಮಾಡಿ, ನೀರು ಹೀಟರಿಗೆ ಹೋಗದೆ ಪಕ್ಕದಿಂದ ಹಾಯುವ ಬೈಪಾಸ್ ವಾಲ್ವ್ ಇದ್ದರೆ ಅದಕ್ಕೆ ತಿರುಗಿಸಿ. ಫಿಲ್ಟರ್ ಕಾರ್ಟ್ರಿಜ್ ತೆಗೆಯಿರಿ.

ವಾಷಿಂಗ್ ಮೆಷಿನ್ ನಲ್ಲಿಗೆ ಅಥವಾ ಹೊರಗಿನ ಹೋಸ್ ನಲ್ಲಿಗೆ ಅಡಾಪ್ಟರ್ ಹಾಕಿ ಗಾಳಿಯ ಹೋಸ್ ಜೋಡಿಸಿ. ಹೊರಗಿನ ನಲ್ಲಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇದ್ದರೆ ಗಾಳಿಯೂ ಒಳಗೆ ಹೋಗದು. ಬೇರೆ ಜಾಗ ಹುಡುಕಿ. ಎಲ್ಲ ನಲ್ಲಿ, ಡ್ರೈನ್ ಮುಚ್ಚಿ, 30 ಪಿಎಸ್‌ಐನಿಂದ ಆರಂಭಿಸಿ. ಪಿವಿಸಿ, ಸಿಪಿವಿಸಿ ಪೈಪಿದ್ದರೆ ಅಲ್ಲಿಂದ ಮೇಲೆ ಹೋಗಬೇಡಿ. ಅದುಮಿಟ್ಟ ಗಾಳಿಗೆ ಒಡೆದರೆ ಅವು ಚೂರುಚೂರಾಗಿ ಸಿಡಿಯುತ್ತವೆ, ಕಣ್ಣಿಗೆ ಕನ್ನಡಕವಿರಲಿ.

ದೂರದ ನಲ್ಲಿಯಿಂದ ಶುರುಮಾಡಿ ಒಂದೊಂದನ್ನೇ ತೆರೆಯಿರಿ, ಬಿಸಿ-ತಣ್ಣೀರು ಎರಡೂ ಕಡೆ. ಉಗುಳುವುದು ನಿಂತು ಬರೀ ಗಾಳಿ ಬಂದ ಮೇಲೆ ಮುಚ್ಚಿ, ಟ್ಯಾಂಕ್ ಮತ್ತೆ ತುಂಬುವವರೆಗೆ ಕಾಯಿರಿ. ಮನೆಯೆಲ್ಲ ಮುಗಿದ ಮೇಲೆ ಇನ್ನೊಂದು ಸುತ್ತು ಹಾಕಿ, ಏಕೆಂದರೆ ಗೋಡೆಗಂಟಿದ ಹನಿಗಳು ಅಷ್ಟರಲ್ಲಿ ತಗ್ಗಿಗೆ ಇಳಿದಿರುತ್ತವೆ. ಫ್ಲಶ್ ಟ್ಯಾಂಕ್, ಶವರ್ ಮರೆಯಬೇಡಿ. ವಾಷಿಂಗ್ ಮೆಷಿನ್, ಡಿಶ್‌ವಾಷರ್‌ಗಳ ವಾಲ್ವ್ ತೆರೆಯುವುದು ಯಂತ್ರ ಓಡಿದಾಗ ಮಾತ್ರ. ಗಾಳಿ ಇರುವಾಗಲೇ ಕೆಲವು ಸೆಕೆಂಡ್ ಓಡಿಸಿ.

ಸಿಂಕ್ ಕೆಳಗಿನ ಬಾಗಿದ ಟ್ರ್ಯಾಪಿನ ನೀರನ್ನು ಕಂಪ್ರೆಸರ್ ತೆಗೆಯದು. ಅಲ್ಲಿಗೆ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಅರ್ಧ ಲೀಟರಿನಷ್ಟು ಸುರಿಯಿರಿ, ಕಮೋಡಿಗೆ ಒಂದು ಲೀಟರ್. ಕಾರಿನ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ. ಬಾಲ್ ವಾಲ್ವ್‌ಗಳನ್ನು ಅರ್ಧ ತೆರೆದಿಡಿ, ವಾಲ್ವ್ ಒಳಗೆ ತಿರುಗುವ ಗುಂಡಿನ ಸುತ್ತ ನಿಂತ ನೀರು ಇಳಿಯಲಿ. ಕೊನೆಗೆ ಕಂಪ್ರೆಸರ್ ಟ್ಯಾಂಕಿನ ಗಾಳಿ ಬಿಟ್ಟು ಅಡಿಯ ಡ್ರೈನ್ ತೆರೆಯಿರಿ. ಅದರೊಳಗೂ ನೀರು ಕೂತಿರುತ್ತದೆ.