ರಟ್ಟು, ಬಲ್ಬು, ಮುಚ್ಚಿದ ಕಣ್ಣು: ಗೈಸಿನ್‌ನ ಡ್ರೀಮಷೀನನ್ನು ನಾನೇ ಮಾಡಿ ನೋಡಿದೆ

ಕಣ್ಣು ಮುಚ್ಚಿಕೊಂಡೇ ನೋಡಬೇಕಾದ ಕಲಾಕೃತಿ ಒಂದಿದೆ. ಅದರ ಹೆಸರು ಡ್ರೀಮಷೀನ್. ಕಿಂಡಿ ಕೊರೆದ ರಟ್ಟಿನ ಕೊಳವೆ, ಅದರ ನಡುವೆ ಒಂದು ಬಲ್ಬು, ಕೆಳಗೆ ತಿರುಗುವ ಗ್ರಾಮಫೋನ್ ತಟ್ಟೆ. ಇಷ್ಟೇ. ಅದರ ಮುಂದೆ ಕಣ್ಣು ಮುಚ್ಚಿ ಕೂತರೆ ರೆಪ್ಪೆಯ ಒಳಗೆ ಬಣ್ಣಗಳೂ ಆಕಾರಗಳೂ ಓಡಾಡತೊಡಗುತ್ತವೆ. ಇದರ ಹಿಂದಿನ ಮನುಷ್ಯ ಚಿತ್ರಕಾರ ಬ್ರಯಾನ್ ಗೈಸಿನ್.

ನಾನು ಪುಸ್ತಕಗಳಿಗೆ ಚಿತ್ರ ಬರೆದು ಬದುಕುವವಳು. ಕನಸಿನಲ್ಲಿ ಕಂಡದ್ದನ್ನು ಕಾಗದಕ್ಕೆ ಇಳಿಸಬೇಕು ಅನ್ನುವ ಆಸೆ ಹಳೆಯದು. ದಿಂಬಿನ ಪಕ್ಕ ನೋಟ್‌ಬುಕ್ ಇಟ್ಟು ಮಲಗುವ ಅಭ್ಯಾಸವೂ ಇತ್ತು. ಆದರೆ ಎದ್ದ ಮೇಲೆ ನೆನಪಿನಲ್ಲಿ ಉಳಿಯುವುದು ಕಥೆ ಮಾತ್ರ. ಯಾರು ಬಂದರು, ಏನು ಹೇಳಿದರು, ಎಲ್ಲಿ ಹೋದೆವು. ಗೆರೆ, ಬಣ್ಣ, ಬೆಳಕು ಯಾವುದೂ ಕೈಗೆ ಸಿಗುವುದಿಲ್ಲ. ಗೈಸಿನ್ ಬದುಕನ್ನು ಓದುವಾಗ ನನಗೆ ಹಿಡಿಸಿದ್ದೇ ಇದು: ಅವನು ಕನಸು ಬರಲಿ ಅಂತ ಕಾಯುತ್ತಾ ಕೂರಲಿಲ್ಲ. ಅದನ್ನು ಎಬ್ಬಿಸುವ ಸಾಧನ ಮಾಡಿದ.

ಅವನು ಹುಟ್ಟಿದ್ದು 1916ರಲ್ಲಿ, ಇಂಗ್ಲೆಂಡಿನ ಟ್ಯಾಪ್ಲೋ ಎಂಬಲ್ಲಿ. ಅದೇ ವರ್ಷ ತಂದೆ ಮಹಾಯುದ್ಧದಲ್ಲಿ ತೀರಿಹೋದರು. ಬೆಳೆದದ್ದು ಕೆನಡಾದ ಎಡ್ಮಂಟನ್‌ನಲ್ಲಿ. ಹದಿಹರೆಯದಲ್ಲೇ ಪ್ಯಾರಿಸ್ ಸೇರಿ ಸರ್ರಿಯಲಿಸ್ಟರ, ಅಂದರೆ ಕನಸನ್ನೂ ಒಳಮನಸ್ಸನ್ನೂ ಕಲೆಗೆ ತರಬೇಕು ಅನ್ನುತ್ತಿದ್ದ ಕಲಾವಿದರ ಬಳಗಕ್ಕೆ ಹೋದ. 1935ರಲ್ಲಿ ಆ ಬಳಗದ ಒಂದು ಪ್ರದರ್ಶನದಲ್ಲಿ ಅವನ ಚಿತ್ರಗಳೂ ಇದ್ದವು. ಪ್ರದರ್ಶನ ಶುರುವಾಗುವ ಹೊತ್ತಿಗೆ ಬಳಗದ ನಾಯಕ ಆಂದ್ರೆ ಬ್ರೆತೊಂನ ಅಪ್ಪಣೆ ಬಂತು, ಗೋಡೆಯಿಂದ ಅವನ ಚಿತ್ರಗಳನ್ನು ಇಳಿಸಿಬಿಟ್ಟರು. ಆಗ ಅವನಿಗೆ ವಯಸ್ಸು 19. ಕನಸಿಗೆ ಬಾಗಿಲು ತೆರೆಯಿರಿ ಅಂತ ಊರಿಗೆಲ್ಲ ಹೇಳುತ್ತಿದ್ದವರು ಒಬ್ಬ ಹುಡುಗನನ್ನು ಹೀಗೆ ಹೊರಗೆ ಹಾಕಿದ್ದು ನನಗೆ ಇವತ್ತಿಗೂ ಸಂಕಟ ಕೊಡುವ ವಿಷಯ.

ಆಮೇಲಿನ ಅವನ ಬದುಕು ಊರೂರು ಅಲೆದಾಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದಾಗ ಜಪಾನಿ ಭಾಷೆ ಕಲಿತ. 1950ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್‌ಗೆ ಹೋಗಿ ಅಲ್ಲೊಂದು ರೆಸ್ಟೋರೆಂಟ್ ನಡೆಸಿದ. ಜಜೂಕಾ ಹಳ್ಳಿಯ ವಾದ್ಯಗಾರರನ್ನು ಕರೆಸಿ ಅಲ್ಲಿ ಅವರ ಕಛೇರಿ ಮಾಡಿಸಿದ. ಅರಬ್ಬಿ ಬರಹ ಬಲದಿಂದ ಎಡಕ್ಕೆ, ಜಪಾನಿ ಬರಹ ಮೇಲಿನಿಂದ ಕೆಳಕ್ಕೆ. ಎರಡನ್ನೂ ಒಂದೇ ಹಾಳೆಯಲ್ಲಿ ಒಂದರ ಮೇಲೊಂದು ಬರೆದಾಗ ಬಲೆಯಂಥ ಚೌಕಳಿ ಮೂಡುತ್ತದೆ. ಅವನ ಚಿತ್ರಗಳ ಜೀವಾಳವೇ ಆ ಚೌಕಳಿ. ಪ್ಯಾರಿಸ್‌ನಲ್ಲಿ ಬರಹಗಾರರು, ಕಲಾವಿದರು ತಂಗುತ್ತಿದ್ದ ಬೀಟ್ ಹೋಟೆಲ್‌ನಲ್ಲಿ ಇದ್ದಾಗ, 1959ರಲ್ಲಿ, ಚಿತ್ರಕ್ಕೆ ರಟ್ಟು ಕತ್ತರಿಸುತ್ತಿದ್ದ. ಕೆಳಗೆ ಹಾಸಿದ್ದ ಪತ್ರಿಕೆಗಳೂ ತುಂಡಾದವು. ಆ ತುಂಡುಗಳನ್ನು ಜೋಡಿಸಿ ಓದಿದಾಗ ಹೊಸದೇ ವಾಕ್ಯಗಳು ಸಿಕ್ಕವು. ಕಟ್-ಅಪ್ ಅಂತ ಹೆಸರಾದ ಈ ವಿಧಾನವನ್ನು ಅವನ ಗೆಳೆಯ, ಅಮೆರಿಕದ ಲೇಖಕ ವಿಲಿಯಂ ಬರೋಸ್ ತನ್ನ ಕಾದಂಬರಿಗಳಲ್ಲಿ ಬೆಳೆಸಿದ.

ಡ್ರೀಮಷೀನ್‌ನ ಬೀಜ ಬಿದ್ದದ್ದು ಅದಕ್ಕೂ ಸ್ವಲ್ಪ ಮೊದಲು, 1958ರ ಡಿಸೆಂಬರ್ 21ರಂದು. ಗೈಸಿನ್ ಮಾರ್ಸೇ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದ. ರಸ್ತೆಯ ಪಕ್ಕ ಸಾಲುಮರ. ಸಂಜೆಯ ಬಿಸಿಲು ಮರಗಳ ಸಂದಿಯಿಂದ ಮಿಣಿಮಿಣಿ ಹೊಡೆಯುತ್ತಿತ್ತು. ಕಣ್ಣು ಮುಚ್ಚಿದ್ದೇ ತಡ, ಬಣ್ಣದ ಆಕಾರಗಳ ಪ್ರವಾಹವೇ ಬಂತು. ಸಾಲುಮರ ಮುಗಿದಾಗ ಅದೂ ನಿಂತಿತು. ಇದು ಯಾಕೆ ಹೀಗೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಬ್ರಿಸ್ಟಲ್‌ನ ವಿಜ್ಞಾನಿ ಗ್ರೇ ವಾಲ್ಟರ್ 1953ರಲ್ಲಿ ಬರೆದ ಮಿದುಳಿನ ಪುಸ್ತಕದಲ್ಲಿ. ಸೆಕೆಂಡಿಗೆ 8ರಿಂದ 13 ಸಲ ಮಿನುಗುವ ಬೆಳಕು ಮಿದುಳಿನ ಆಲ್ಫಾ ಲಯದ, ಅಂದರೆ ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿದ್ದಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗಳ ವೇಗಕ್ಕೆ ಹೊಂದುತ್ತದೆ. ಆಗ ಹೊರಗೆ ಇಲ್ಲದ ಆಕಾರಗಳು ಕಾಣತೊಡಗುತ್ತವೆ. ಕೇಂಬ್ರಿಜ್‌ನಲ್ಲಿ ಗಣಿತ ಓದುತ್ತಿದ್ದ ಗೆಳೆಯ ಇಯಾನ್ ಸೊಮರ್‌ವಿಲ್ 1960ರಲ್ಲಿ ಮೊದಲ ಯಂತ್ರವನ್ನು ರಟ್ಟಿನಿಂದ ಮಾಡಿ, 78ರ ವೇಗದ ಗ್ರಾಮಫೋನ್ ಮೇಲೆ ತಿರುಗಿಸಿದ. 1961ರಲ್ಲಿ ಗೈಸಿನ್ ಅದಕ್ಕೆ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದ.

ಮಾಡುವ ಮುಂಚೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರ್ಛೆರೋಗ, ಅಂದರೆ ಫಿಟ್ಸ್ ಇರುವವರು, ಹಿಂದೆ ಬಂದಿದ್ದವರು, ಮನೆಯಲ್ಲಿ ಯಾರಿಗಾದರೂ ಇರುವವರು ಇದರ ಮುಂದೆ ಕೂರಲೇಬಾರದು. ಮಕ್ಕಳನ್ನೂ ಕೂರಿಸಬೇಡಿ. ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಿಸುತ್ತದೆ, ಅದು ಗೊತ್ತಾಗುವುದೇ ಮೊದಲ ಸಲ ಬಂದಾಗ. 1997ರಲ್ಲಿ ಜಪಾನಿನಲ್ಲಿ ಒಂದು ಟೀವಿ ಕಾರ್ಟೂನ್‌ನ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಆದ್ದರಿಂದ ಒಬ್ಬರೇ ಕೂರಬೇಡಿ. ಪಕ್ಕದಲ್ಲಿ ಇನ್ನೊಬ್ಬರು ಇರಲಿ, ಸ್ವಿಚ್ ಅವರ ಕೈಗೆ ಸಿಗುವಂತಿರಲಿ. ತಲೆ ತಿರುಗಿದರೆ, ಹೊಟ್ಟೆ ತೊಳಸಿದರೆ ಅಂಗೈಯಿಂದ ಎರಡೂ ಕಣ್ಣು ಪೂರ್ತಿ ಮುಚ್ಚಿ ಎದ್ದುಬಿಡಿ.

ಈಗ ಲೆಕ್ಕ. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿದರೆ ಸೆಕೆಂಡಿಗೆ 1.3 ಸುತ್ತು. ಕೊಳವೆಗೆ 8 ಕಿಂಡಿ ಇದ್ದರೆ ಸೆಕೆಂಡಿಗೆ 10.4 ಮಿನುಗು. ನಾನು ಒಂದೇ ಕೊಳವೆಯಲ್ಲಿ ಮೂರು ಸಾಲು ಮಾಡಿದೆ: ಮೇಲೆ 7 ಕಿಂಡಿ, ನಡುವೆ 8, ಕೆಳಗೆ 9. ಮಿನುಗು ಕ್ರಮವಾಗಿ 9.1, 10.4, 11.7. ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ವೇಗ ಬದಲಾಗುತ್ತದೆ.

ರೆಕಾರ್ಡ್ ಪ್ಲೇಯರ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಹಾಡು ಕೇಳಲು ಬರುವಂತಿರಲಿಲ್ಲ, ಮುಳ್ಳೇ ಇರಲಿಲ್ಲ. ನಮಗೆ ತಟ್ಟೆ ತಿರುಗಿದರೆ ಸಾಕಲ್ವಾ. ಹಳೆಯ ಪ್ಲೇಯರ್‌ಗಳಲ್ಲಿ ಒಳಗಿನ ರಬ್ಬರ್ ಚಕ್ರ ಗಟ್ಟಿಯಾಗಿ ಜಾರುತ್ತದೆ, ತಟ್ಟೆ ನಿಧಾನವಾಗುತ್ತದೆ. ತಟ್ಟೆಯ ಅಂಚಿಗೆ ಒಂದು ಬಿಳಿ ಚುಕ್ಕೆ ಇಟ್ಟು, ಮೊಬೈಲ್‌ನಲ್ಲಿ ವಿಡಿಯೋ ತೆಗೆದು, ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿ ನೋಡಿಕೊಳ್ಳಿ. ಮುಳ್ಳಿನ ಕೈಯನ್ನು ಪಕ್ಕಕ್ಕೆ ಸರಿಸಿ ದಾರದಲ್ಲಿ ಕಟ್ಟಿಬಿಡಿ.

ಕೊಳವೆಗೆ ನಾನು ಬಳಸಿದ್ದು 20 ಇಂಚು ಅಗಲ, 30 ಇಂಚು ಉದ್ದದ ಮೌಂಟ್ ಬೋರ್ಡ್. ಒಂದು ಮೈ ಕಪ್ಪು, ಒಂದು ಮೈ ಬಿಳಿ. ಬಿಳಿ ಮೈ ಒಳಗೆ ಬರಬೇಕು, ಬೆಳಕು ಒಳಗೇ ಪುಟಿಯಲಿ. ಕೂಡಿಸಿ ಅಂಟಿಸಲು 2 ಸೆಂಟಿಮೀಟರ್ ಬಿಟ್ಟರೆ ಸುತ್ತಳತೆ 74 ಸೆಂಟಿಮೀಟರ್ ಸಿಗುತ್ತದೆ, ಅಡ್ಡಳತೆ ಸುಮಾರು 23.5. ಪ್ಲೇಯರ್ ತಟ್ಟೆ ಮೇಲೆ ಸರಿಯಾಗಿ ಕೂರುತ್ತದೆ. ಕಿಂಡಿ ಕೊರೆಯುವ ಮೊದಲೇ ಬೋರ್ಡನ್ನು ಮೇಜಿನ ಅಂಚಿಗೆ ಎಳೆದೆಳೆದು ಬಾಗಿಸಿಕೊಳ್ಳಬೇಕು. ಕೊರೆದ ಮೇಲೆ ಬಾಗಿಸಿದರೆ ಕಿಂಡಿಯ ಮೂಲೆಯಲ್ಲೇ ಮಡಿಕೆ ಬೀಳುತ್ತದೆ. ಕಿಂಡಿ 3 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಹಾಕಿದ ಕಟರ್. ಒಂದೇ ಸಲ ಒತ್ತಿ ಕತ್ತರಿಸದೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ಅಂಚು ನೀಟಾಗಿ ಬರುತ್ತದೆ. ಫೆವಿಕಾಲ್ ಹಾಕಿ, ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟೆ. ತಳಕ್ಕೆ ದಪ್ಪ ರಟ್ಟಿನ ವೃತ್ತ, ಅದರ ನಟ್ಟನಡುವೆ ತಟ್ಟೆಯ ಮೊಳೆಗೆ ತೂತು. ಈ ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಕೊಳವೆ ಓಲಾಡುತ್ತದೆ.

ಬಲ್ಬನ್ನು ಮೇಲಿನಿಂದ ವೈರಿನಲ್ಲಿ ಇಳಿಬಿಡಬೇಕು, ಕಿಂಡಿಗಳ ಎತ್ತರಕ್ಕೆ. ಸಾಮಾನ್ಯ ಎಲ್‌ಇಡಿ ಬಲ್ಬಿನ ಬೆಳಕು ಜಾಸ್ತಿ ಕೆಳಕ್ಕೇ ಹೋಗುತ್ತದೆ, ಪಕ್ಕಕ್ಕೆ ಬರುವುದು ಕಡಿಮೆ. ಹಳೇ ಕಾಲದ ತಂತಿ ಬಲ್ಬಿನಂತೆ ಕಾಣುವ ಫಿಲಮೆಂಟ್ ಎಲ್‌ಇಡಿ ತಗೊಳ್ಳಿ. ಸುತ್ತಲೂ ಬೆಳಕು ಕೊಡುತ್ತದೆ, ಹಳೆಯ 60 ವಾಟ್ ಬಲ್ಬಿನಷ್ಟು ಬಿಸಿಯೂ ಆಗುವುದಿಲ್ಲ. ಬಣ್ಣ ಹಳದಿ ಛಾಯೆಯದ್ದೇ ಇರಲಿ. ರೆಪ್ಪೆಯ ಮೂಲಕ ಒಳಗೆ ಬರುವುದು ಹೆಚ್ಚಾಗಿ ಕೆಂಪು ಬೆಳಕೇ.

ಕೋಣೆ ಕತ್ತಲು ಮಾಡಿ, ಮುಖವನ್ನು ಕೊಳವೆಯಿಂದ ಒಂದು ಗೇಣು ದೂರದಲ್ಲಿ ಇಟ್ಟು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಗಂಡ, ಸ್ವಿಚ್ ಹಿಡಿದು. ಮೊದಲು ಬರೀ ಕಿತ್ತಳೆ ಬಣ್ಣದ ಮಿನುಗು. ಇಷ್ಟೇನಾ ಅನ್ನಿಸುವಷ್ಟರಲ್ಲಿ ಅಂಚಿನಲ್ಲಿ ನೀಲಿ ಕಾಣಿಸಿತು. ಆ ನೀಲಿ ಸಣ್ಣ ಸಣ್ಣ ವಜ್ರಾಕೃತಿಗಳಾಗಿ ಒಡೆಯಿತು. ಅವು ಸಾಲಾಗಿ ನಿಂತವು, ಸಾಲುಗಳು ನಡುವಿನಿಂದ ಹೊರಕ್ಕೆ ಉಕ್ಕತೊಡಗಿದವು, ಹಸಿರು ಗೆರೆಯ ಬಲೆಯೊಂದು ಅವುಗಳ ಮೇಲೆ ತಿರುಗಿತು. ನಾನು ಅಲುಗಾಡದೆ ನೋಡುತ್ತಿದ್ದೆ. ಏನನ್ನೂ ಯೋಚಿಸಿ ಮೂಡಿಸುತ್ತಿರಲಿಲ್ಲ. ಗೈಸಿನ್ ತನ್ನ ಚೌಕಳಿಯನ್ನು ಯಾಕೆ ಬಿಡಲಿಲ್ಲ ಅನ್ನುವುದು ನನಗೆ ಆಗ ಅರ್ಥವಾಯಿತು. ಬಲೆ, ಜೇಡನ ಹೆಣಿಗೆ, ಸುರಂಗ, ಸುರುಳಿ: ಇಂಥ ದೃಶ್ಯಗಳಲ್ಲಿ ಈ ನಾಲ್ಕು ಬಗೆ ಮತ್ತೆ ಮತ್ತೆ ಬರುತ್ತವೆ ಅಂತ ಹೈನ್ರಿಕ್ ಕ್ಲೂವರ್ ಎಂಬ ಮನಶ್ಶಾಸ್ತ್ರಜ್ಞ 1920ರ ದಶಕದಲ್ಲೇ ಗುರುತಿಸಿದ್ದ.

ನಮ್ಮ ಅತ್ತೆ ಧಾರವಾಡದವರು, ಕಸೂತಿ ಹಾಕುವವರು. ಎಲ್ಲ ಎಚ್ಚರಿಕೆ ಹೇಳಿ ಕೂರಿಸಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಏ, ಇದು ಕಸೂತಿನ ಅದ ನೋಡವಾ. ಗೋಪುರ ಬಂತು, ಒಡೀತು, ಮತ್ತ ಬಂತು" ಅಂದರು. ಗಂಡನಿಗೆ ಕಂಡದ್ದು ಬರೀ ನೇರಳೆ ಮೋಡ. ಒಂದೇ ರಟ್ಟು, ಒಂದೇ ಬಲ್ಬು! ಚಿತ್ರಕಾರ ಚಿತ್ರ ಬರೆದು ಕೊಡುವುದನ್ನು ಬಿಟ್ಟು, ನೋಡುವವರಿಂದಲೇ ಚಿತ್ರ ಹೊರಡಿಸುವುದು ಎಷ್ಟು ದೊಡ್ಡ ಯೋಚನೆ! ಹಾಗಾಗಿ, 19ನೇ ವಯಸ್ಸಿನಲ್ಲಿ ಅವನನ್ನು ಹೊರಹಾಕಿದ ಬಳಗದ ಅನೇಕರಿಗಿಂತ ಕನಸಿನ ಹತ್ತಿರ ಹೋದವನು ಗೈಸಿನ್ ಎಂದೇ ನಾನು ನಂಬಿದ್ದೇನೆ.

ಯಂತ್ರ ಮಾರಿ ದುಡ್ಡು ಮಾಡುವ ಅವನ ಆಸೆ ಕೈಗೂಡಲಿಲ್ಲ. 1986ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. 2010ರಲ್ಲಿ ನ್ಯೂಯಾರ್ಕ್‌ನ ನ್ಯೂ ಮ್ಯೂಸಿಯಂ ಅವನ ದೊಡ್ಡ ಪ್ರದರ್ಶನ ಮಾಡಿತು. 2022ರಲ್ಲಿ ಬ್ರಿಟನ್ನಿನ ನಾಲ್ಕು ನಗರಗಳಲ್ಲಿ ಇದೇ ಯೋಚನೆಯನ್ನು ದೊಡ್ಡ ಮಟ್ಟದಲ್ಲಿ ಜನರಿಗೆ ತೋರಿಸಿದರು.

ನನ್ನ ಕೆಲಸಕ್ಕೆ ಇದರಿಂದ ಸಿಕ್ಕಿದ್ದೇನೆಂದರೆ, ಯಂತ್ರದ ಮುಂದಿನಿಂದ ಎದ್ದ ಕೂಡಲೇ ಚಿತ್ರ ಬರೆಯುವ ಅಭ್ಯಾಸ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ದೀಪ ಹಾಕಿದ ತಕ್ಷಣ, ಮಾತಾಡುವ ಮೊದಲೇ, ಬಣ್ಣದ ಪೆನ್ಸಿಲ್‌ನಲ್ಲಿ ಬಣ್ಣಗಳನ್ನು ಮಾತ್ರ ಗುರುತು ಹಾಕುತ್ತೇನೆ, ಆಮೇಲೆ ಗೆರೆ. ಮಾತಿಗೆ ಇಳಿದರೆ ಮತ್ತೆ ಕಥೆಯಾಗಿಬಿಡುತ್ತದೆ.

78ರ ವೇಗ ಇಲ್ಲದ ಪ್ಲೇಯರ್ ಇರುವವರು 45ರಲ್ಲಿ ಮಾಡಬಹುದು. ಆಗ ಸಾಲಿಗೆ 12, 14, 16 ಕಿಂಡಿ ಬೇಕು. ಮಿನುಗು 9, 10.5, 12 ಬರುತ್ತದೆ. 74 ಸೆಂಟಿಮೀಟರ್ ಸುತ್ತಳತೆಗೆ 14 ಕಿಂಡಿ ಅಂದರೆ ಒಂದರಿಂದ ಇನ್ನೊಂದಕ್ಕೆ 5.3 ಸೆಂಟಿಮೀಟರ್. ಕಿಂಡಿಯ ಅಗಲವನ್ನು ಒಂದೂವರೆಗೆ ಇಳಿಸಿ, ಇಲ್ಲದಿದ್ದರೆ ನಡುವೆ ಉಳಿಯುವ ರಟ್ಟಿಗೆ ಬಲ ಸಾಲದು.